ತಪ್ಪಿದ್ದರೆ ಬರೆದು ತಿಳಿಸಿ

ಬೋರ್ಡಿನ ಮೇಲೆ ನಾವು ತಪ್ಪು ಬರೆದಾಗ ಹಿಂದಿನ ಬೆಂಚಿನಿಂದ ಒಂದು ಮಗು ಎದ್ದು, "ಸರ್, ಅದು ತಪ್ಪಲ್ಲವಾ?" ಎನ್ನುತ್ತದೆ. ನಮ್ಮ ನಿಜವಾದ ಪರೀಕ್ಷೆ ಆಗಲೇ ಶುರು. ಪ್ರೆಸ್ಬಿಟೀರಿಯನ್ ಕ್ರೈಸ್ತರ ಹಳೆಯ ವಿಶ್ವಾಸ ಪ್ರಮಾಣಗಳನ್ನು ಓದುವಾಗ ಧರ್ಮಸಭೆಗಳಿಗೂ ಇದೇ ಪರೀಕ್ಷೆ ಉಂಟು ಎನಿಸಿತು.

'ನಾವು ನಂಬುವುದು ಇದನ್ನು' ಎಂದು ಸಭೆಯೊಂದು ಎಲ್ಲರ ಮುಂದೆ ಬರೆದಿಡುವುದೇ ವಿಶ್ವಾಸ ಪ್ರಮಾಣ. 1560ರಲ್ಲಿ ಸ್ಕಾಟ್ಲೆಂಡಿನಲ್ಲಿ ಜಾನ್ ನಾಕ್ಸ್ ಮತ್ತು ಇನ್ನೈವರು (ಆರೂ ಮಂದಿಯ ಹೆಸರು ಜಾನ್!) ನಾಲ್ಕೇ ದಿನಗಳಲ್ಲಿ ಇಂಥದೊಂದನ್ನು ಬರೆದರು. ಅದರ ಮುನ್ನುಡಿಯಲ್ಲಿ ಒಂದು ವಿನಂತಿಯಿದೆ: ಇದರಲ್ಲಿ ದೇವರ ವಾಕ್ಯಕ್ಕೆ ವಿರುದ್ಧವಾದದ್ದು ಕಂಡರೆ ದಯವಿಟ್ಟು ಬರೆದು ತಿಳಿಸಿ, ತಪ್ಪೆಂದು ತೋರಿಸಿಕೊಟ್ಟರೆ ತಿದ್ದಿಕೊಳ್ಳುತ್ತೇವೆ. 1646ರ ವೆಸ್ಟ್‌ಮಿನ್‌ಸ್ಟರ್ ಪ್ರಮಾಣವೂ ಧರ್ಮಸಭೆಗಳ ಮಹಾಸಮಿತಿಗಳು ತಪ್ಪಬಹುದು, ಎಷ್ಟೋ ತಪ್ಪಿವೆ ಎಂದು ಒಪ್ಪುತ್ತದೆ.

ಇದು ಬರೀ ವಿನಯದ ಮಾತಲ್ಲ. ಅಮೆರಿಕದ ಪ್ರೆಸ್ಬಿಟೀರಿಯನ್ನರು 1788ರಲ್ಲಿ ವೆಸ್ಟ್‌ಮಿನ್‌ಸ್ಟರ್ ಪ್ರಮಾಣದಲ್ಲಿ ಸರಕಾರಕ್ಕೆ ಸಭೆಯ ಮೇಲಿದ್ದ ಅಧಿಕಾರದ ಭಾಗವನ್ನು ತಿದ್ದಿದರು. 1903ರಲ್ಲಿ ಅಲ್ಲಿನ ಒಂದು ದೊಡ್ಡ ಸಭೆ ಪೋಪರನ್ನು ಕ್ರಿಸ್ತವಿರೋಧಿ ಎಂದಿದ್ದ ಮಾತನ್ನು ಕೈಬಿಟ್ಟಿತು.

ಆದರೆ ತಿದ್ದಲು ಅವಕಾಶವಿದ್ದರೆ ಸಾಲದು, ತಪ್ಪು ತೋರಿಸುವವರ ದನಿ ಕಿವಿಗೆ ಬೀಳಬೇಕು. ದಕ್ಷಿಣ ಆಫ್ರಿಕದಲ್ಲಿ ಇದೇ ಕಾಲ್ವಿನ್ ಪರಂಪರೆಯ ಡಚ್ ರಿಫಾರ್ಮ್ಡ್ ಸಭೆ, 'ಕೆಲವರ ಬಲಹೀನತೆ'ಯ ನೆಪದಲ್ಲಿ, ಬಣ್ಣದ ಮೇಲೆ ಬೇರೆ ಬೇರೆ ಆರಾಧನೆಗೆ 1857ರಲ್ಲಿ ಒಪ್ಪಿಕೊಂಡಿತು. ಅವರ ಬಳಿಯೂ ಒಳ್ಳೊಳ್ಳೆಯ ಪ್ರಮಾಣಗಳಿದ್ದವು! ಕೊನೆಗೆ ತಪ್ಪನ್ನು ಪ್ರಮಾಣದ ರೂಪದಲ್ಲೇ ಬರೆದು ತೋರಿಸಿದ್ದು ಹಿಂದಿನ ಬೆಂಚಿಗೆ ತಳ್ಳಿಸಿಕೊಂಡವರು, ಅಂದರೆ ಬಿಳಿಯರಲ್ಲದವರಿಗೆಂದು ಪ್ರತ್ಯೇಕಿಸಿದ್ದ ಮಿಷನ್ ಸಭೆಯವರು. ಅವರು 1982ರಲ್ಲಿ ಬರೆದು 1986ರಲ್ಲಿ ಅಂಗೀಕರಿಸಿದ ಬೆಲ್ಹಾರ್ ಪ್ರಮಾಣ ಐಕ್ಯ, ಸಮಾಧಾನ, ನ್ಯಾಯಗಳನ್ನು ನಂಬಿಕೆಯ ವಿಷಯವೆಂದೇ ಸಾರಿತು. 2016ರಲ್ಲಿ ಅಮೆರಿಕದ ದೊಡ್ಡ ಪ್ರೆಸ್ಬಿಟೀರಿಯನ್ ಸಭೆ ಅದನ್ನು ತನ್ನ ಪ್ರಮಾಣಗಳ ಪುಸ್ತಕಕ್ಕೆ ಸೇರಿಸಿಕೊಂಡಿತು. ಆ ಪುಸ್ತಕದಲ್ಲಿ 1560ರ ಪ್ರಮಾಣವೂ ಇದೆ. ಹಳೆಯದನ್ನು ಹರಿದುಹಾಕಲಿಲ್ಲ, ಹೊಸದನ್ನು ಪಕ್ಕದಲ್ಲೇ ಕೂರಿಸಿದರು.

ಹೀಗೆ ತಿದ್ದುತ್ತಾ ಹೋದರೆ ನಂಬಿಕೆಗೆ ಬೆಲೆ ಏನು ಎಂದು ಕೇಳುವವರಿದ್ದಾರೆ. ನಮ್ಮ ಅನುಭವ ಬೇರೆ. ತಪ್ಪನ್ನು ಮಕ್ಕಳೆದುರೇ ತಿದ್ದಿದ ದಿನ ಅವರಿಗೆ ನಮ್ಮ ಮೇಲಿನ ನಂಬಿಕೆ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ. ಯಾವ ಮತವೇ ಇರಲಿ, ಪಕ್ಷವೇ ಇರಲಿ, ಪವಿತ್ರವೆಂದು ಹಿಡಿದ ಪುಸ್ತಕದ ಮುಂದೆ ಹಿಂದಿನ ಬೆಂಚಿನವರಿಗೂ ಬಾಯಿ ಇರಬೇಕು.

ನೀವೇನಂತೀರಿ? ಈ ಬರಹದಲ್ಲಿ ತಪ್ಪಿದ್ದರೆ, ದಯವಿಟ್ಟು ಬರೆದು ತಿಳಿಸಿ.