ಇಬ್ಬರು ಸದಸ್ಯರ ಸಹಿ



ನಮ್ಮ ಭಾಗದ ಪುಸ್ತಕ ಮಾರಾಟಗಾರರ ಸಂಘಕ್ಕೆ ನಮ್ಮ ಪುಸ್ತಕದ ಅಣ್ಣ ಸದಸ್ಯರಾಗಬೇಕಾ ಬೇಡ್ವಾ ಅಂತ ಎರಡು ವಾರದಿಂದ ನಮ್ಮೊಳಗೇ ಜಗಳ. ನನ್ನ ಅಭಿಪ್ರಾಯ ಇಲ್ಲೇ ಹೇಳಿಬಿಡ್ತೀನಿ: ಆಗಬೇಕು.

ಅಣ್ಣನನ್ನ ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಏಪ್ರಿಲ್ 14ರಂದು ಜಯಂತಿಯ ಮೈದಾನದ ಮೂಲೆಯಲ್ಲಿ ಟಾರ್ಪಾಲ್ ಹಾಸಿ ಅಂಬೇಡ್ಕರ್, ಫುಲೆ, ಪೆರಿಯಾರ್ ಪುಸ್ತಕ ಜೋಡಿಸಿಕೊಂಡು ಕೂತಿರ್ತಾರೆ. ಉಳಿದ ದಿನ ಕೋರ್ಟ್ ಎದುರಿನ ಫುಟ್‌ಪಾತ್. ನಾನು ಬಿ.ಎ. ಓದುವಾಗ ‘ಜಾತಿ ವಿನಾಶ’ವನ್ನು ಸಾಲ ಕೊಟ್ಟವರು ಇವರೇ. ಆ ದುಡ್ಡು ತೀರಿಸಿದ್ದು ಕೆಲಸ ಸಿಕ್ಕಮೇಲೆ.

‘ಅವರ ಸಂಘ ನಮಗ್ಯಾಕೆ, ಬಾಬಾಸಾಹೇಬರು ಸ್ವಂತ ಖರ್ಚಲ್ಲಿ ಅಚ್ಚು ಹಾಕಿಸಲಿಲ್ವಾ’ ಅಂತಾರೆ ಕೆಲವು ಗೆಳೆಯರು. ಹಾಕಿಸಿದರು. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು ಭಾಷಣ ನೋಡಿ ಹೆದರಿದರು, ಇವರು ತಿದ್ದಲು ಒಪ್ಪಲಿಲ್ಲ, ಸಮ್ಮೇಳನವೇ ರದ್ದಾಯಿತು. ಆಮೇಲೆ 1,500 ಪ್ರತಿ ಅಚ್ಚಾಗಿ ಎರಡು ತಿಂಗಳಲ್ಲಿ ಖಾಲಿ. ಆದರೆ ನೆನಪಿರಲಿ, ಆ ವೇದಿಕೆಗೆ ಹೋಗೋಕೆ ಅವರು ಮೊದಲು ಒಪ್ಪಿದ್ದರು. ಬಾಗಿಲು ಹಾಕಿಕೊಂಡವರು ಆ ಕಡೆಯವರು.

ಸಂಘಕ್ಕೆ ಸೇರಿದರೆ ಪುಸ್ತಕ ಮೇಳದಲ್ಲಿ ಮಳಿಗೆ ಸಿಗುತ್ತೆ, ಪ್ರಕಾಶಕರು ಪುಸ್ತಕ ಸಾಲ ಕೊಡ್ತಾರೆ. ಈಗ ಅಣ್ಣ ಪ್ರತಿ ಕಟ್ಟಿಗೂ ಮುಂಗಡ ದುಡ್ಡು ಕಟ್ಟಬೇಕು.

ನಾನು ಗುಮಾಸ್ತ, ಅರ್ಜಿ ಓದೋದೇ ನನ್ನ ಹೊಟ್ಟೆಪಾಡು. ಆ ಫಾರಂ ತಂದು ಓದಿದೆ. ಜಿಎಸ್‌ಟಿ ನಂಬರ್ ಕೇಳ್ತಾರೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿಯೇ ಇಲ್ಲ ಮಾರಾಯ್ರೇ! ಅಂಗಡಿಯ ಟ್ರೇಡ್ ಲೈಸೆನ್ಸ್ ಬೇಕಂತೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಡಿ ನಗರಸಭೆ ಕೊಟ್ಟ ಪ್ರಮಾಣಪತ್ರ ಅಣ್ಣನ ಹತ್ತಿರ ಇದೆ, ಅದನ್ನೇ ಲಗತ್ತಿಸ್ತೀವಿ. ಇವೆರಡಕ್ಕೂ ದಾರಿ ಇದೆ.

ಕೊನೆಯ ಕಾಲಂ ನೋಡಿ: ಈಗಾಗಲೇ ಸದಸ್ಯರಾದ ಇಬ್ಬರ ಶಿಫಾರಸು ಸಹಿ. ಜಾತಿ ಕಾಲಂ ಎಲ್ಲೂ ಇಲ್ಲ. ಇಪ್ಪತ್ತು ವರ್ಷದಿಂದ ಅಣ್ಣನ ಜೊತೆ ಟೀ ಕುಡಿದ ಅಂಗಡಿಯವರೊಬ್ಬರು ‘ನೋಡೋಣ’ ಅಂದರು. ಇನ್ನೊಬ್ಬರು ‘ಅಂಗಡಿ ಮಾಡ್ಕೊಂಡು ಬನ್ನಿ, ನೋಡೋಣ’ ಅಂದರು. ಯಾರೂ ಏನೂ ಕೆಟ್ಟದ್ದು ಆಡಲಿಲ್ಲ. ಅಣ್ಣ ಫಾರಂ ಮಡಚಿ ಜೇಬಲ್ಲಿಟ್ಟುಕೊಂಡು ‘ಬಿಡಪ್ಪ’ ಅಂದರು. ನನಗೆ ಬಿಡೋಕೆ ಆಗ್ತಿಲ್ಲ. ಯಾರ ಸಹಿ ಯಾರಿಗೆ ಸಿಗುತ್ತೆ ಅನ್ನೋದು ಮದುವೆ, ಬಾಡಿಗೆ ಮನೆ, ಬ್ಯಾಂಕ್ ಜಾಮೀನು ಎಲ್ಲದರಲ್ಲೂ ನೋಡಿದ್ದೀವಲ್ಲ. ಹಾಗಾಗಿ ಅರ್ಜಿ ಜೊತೆ ಒಂದು ಪತ್ರ ಕೊಡ್ತೀವಿ: ಈ ಶರತ್ತು ತೆಗೀರಿ, ಇಲ್ಲಾ ತಿರಸ್ಕರಿಸಿದ ಕಾರಣ ಲಿಖಿತವಾಗಿ ಕೊಡಿ.

ನಮ್ಮವರಿಗೂ ಒಂದು ಮಾತು. ಅಣ್ಣನ ಹತ್ತಿರ ಇರೋ ಪುಸ್ತಕದ ಪಿಡಿಎಫ್ ಅನ್ನೇ ವಾಟ್ಸಾಪ್ ಗುಂಪಿಗೆ ಹಾಕಿ ‘ನಮ್ಮ ಅಂಗಡಿ ಉಳೀಬೇಕು’ ಅಂತ ಬರೀತೀರಿ. ನಾನೂ ಹಾಕಿದ್ದೆ, ಈಗ ಬಿಟ್ಟಿದ್ದೀನಿ.

ಭಾನುವಾರ ಬೆಳಿಗ್ಗೆ 11ಕ್ಕೆ ಸಂಘದ ಕಚೇರಿಗೆ ಹೋಗ್ತಿದ್ದೀವಿ. ನಿಮ್ಮಲ್ಲಿ ಯಾರಾದರೂ ಆ ಸಂಘದ ಸದಸ್ಯರಿದ್ದರೆ ಪೆನ್ನು ತನ್ನಿ.