ನೋಟ್‌ಬುಕ್ಕಿನಲ್ಲಿ ಸೂಪರ್, ಕ್ಯಾಂಟೀನಿನಲ್ಲಿ ತಲೆಸುತ್ತು

ಕಳೆದ ತಿಂಗಳು ನಮ್ಮ ಕಾಲೇಜಿನ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಅತಿ ಉದ್ದದ ಸಾಲು ನಿಂತದ್ದು ಕಂಪ್ಯೂಟರ್ ಲ್ಯಾಬಿನ ಮುಂದೆ. ಇಲ್ಲೇ ಪಿಯುಸಿ ಓದಿ ಈಗ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ನಮ್ಮ ಸೀನಿಯರ್ ಅಣ್ಣ ಒಬ್ಬರು, ಗೆಳೆಯನ ಜೊತೆ ಸೇರಿ ತಾವೇ ತಯಾರಿಸಿದ ವಿಆರ್ ಶೂಟಿಂಗ್ ಆಟ ತಂದಿದ್ದರು. ಆಟ ಏಳೇ ನಿಮಿಷ. ದಪ್ಪ ಹೆಡ್‌ಸೆಟ್ ಹಾಕಿಕೊಂಡರೆ ಸುತ್ತಲೂ ರಾಮದೇವರ ಬೆಟ್ಟ. ಬಂಡೆಗಳ ಹಿಂದಿನಿಂದ ಡ್ರೋನ್‌ಗಳು ಹಾರಿ ಬರುತ್ತವೆ, ಹೊಡೆದು ಉರುಳಿಸಬೇಕು. ನಡುವೆ ರಣಹದ್ದುಗಳೂ ಹಾರುತ್ತವೆ. ಅವಕ್ಕೆ ಗುಂಡು ತಗುಲಿದರೆ ಹತ್ತು ಅಂಕ ಕಟ್. ('ಶೋಲೆ' ತೆಗೆದ ಕಾಲದಿಂದ ಆ ಬಂಡೆಗಳಿಗೆ ಗುಂಡಿನ ಸದ್ದು ಹೊಸದೇನಲ್ಲ, ಆದರೆ ಹದ್ದುಗಳನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ನಮ್ಮ ಅಣ್ಣನೇ ಇರಬೇಕು.)

ಬಾಗಿಲ ಬಳಿ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದರು. ಹೆಸರು, ಸೆಕ್ಷನ್, ಅಭಿಪ್ರಾಯ ಎಂದು ಮೂರು ಗೆರೆ. ನಾನು ವಾಲಂಟಿಯರ್ ಆಗಿದ್ದರಿಂದ ಸಂಜೆ ಅದನ್ನು ಎತ್ತಿಡುವ ಕೆಲಸ ನನ್ನದಾಗಿತ್ತು. ಎತ್ತಿಡುವ ಮೊದಲು ಓದಿದೆ. "ಸೂಪರ್." "ಮಾಷಾ ಅಲ್ಲಾಹ್, ನಮ್ಮ ಕಾಲೇಜಿನ ಹೆಮ್ಮೆ." "ಅಣ್ಣಾ, ಬೆಂಕಿ!" ನಾಲ್ಕು ಪುಟ ಹೀಗೇ. ಒಂದೇ ಒಂದು ಕೊರತೆ ಯಾರೂ ಬರೆದಿರಲಿಲ್ಲ.

ಅದೇ ದಿನ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕೇಳಿದ್ದೇ ಬೇರೆ. ಇಬ್ಬರು ಹುಡುಗರು ಎರಡನೇ ನಿಮಿಷಕ್ಕೇ ತಲೆ ಸುತ್ತಿ ಗೋಡೆ ಹಿಡಿದಿದ್ದರು. ಮೊದಲ ಎರಡು ನಿಮಿಷದ ಆಟವೇ ಕೊನೆವರೆಗೂ, ಹೊಸದೇನೂ ಬರಲ್ಲ ಎಂದು ಒಬ್ಬ. ಇಷ್ಟು ಹೊತ್ತು ಸಾಲಿನಲ್ಲಿ ನಿಂತದ್ದು ಏಳು ನಿಮಿಷಕ್ಕಾ ಎಂದು ಇನ್ನೊಬ್ಬಳು. ನನ್ನ ಕಥೆಯೂ ಇತ್ತು: ಹೆಡ್‌ಸೆಟ್ಟಿನ ಪಟ್ಟಿ ಸ್ಕಾರ್ಫ್ ಮೇಲೆ ನಿಲ್ಲದೆ ಜಾರುತ್ತಿತ್ತು, ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಗುರಿ ಇಡಬೇಕಾಯಿತು. ಆದರೂ ನಾನು ನೋಟ್‌ಬುಕ್ಕಿನಲ್ಲಿ ಬರೆದದ್ದು "ತುಂಬಾ ಚೆನ್ನಾಗಿದೆ."

ಯಾಕೆ ಹಾಗೆ ಬರೆದೆ ಎಂದು ಯೋಚಿಸುವಾಗ ನನಗೆ ನೆನಪಾದದ್ದು ಫೌಜಿ ಆಟ.

ಆಗ ನಾನು ಎಂಟನೇ ತರಗತಿ. ಆನ್‌ಲೈನ್ ಕ್ಲಾಸಿಗೆಂದು ಅಬ್ಬಾನ ಫೋನು ನನಗೂ ಭಾಯಿಗೂ ಪಾಲು. 2020ರ ಆಗಸ್ಟ್ 30ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯವರು ಆಟಿಕೆಗಳ ಬಗ್ಗೆ ಮಾತಾಡುತ್ತಾ ನಮ್ಮ ಚನ್ನಪಟ್ಟಣದ ಹೆಸರು ಹೇಳಿದ್ದರು. ಬೊಂಬೆ ಕೆಲಸದ ಅಬ್ಬಾಗೆ ಅವತ್ತು ಖುಷಿಯೋ ಖುಷಿ. ಅದೇ ಭಾಷಣದಲ್ಲಿ ಭಾರತದ್ದೇ ಕಂಪ್ಯೂಟರ್ ಆಟಗಳನ್ನು ತಯಾರಿಸಿ ಎಂಬ ಕರೆಯೂ ಇತ್ತು. ಮೂರು ದಿನ ಕಳೆದು, ಸೆಪ್ಟೆಂಬರ್ 2ಕ್ಕೆ, ಪಬ್‌ಜಿ ಸೇರಿ 118 ಆ್ಯಪ್‌ಗಳಿಗೆ ನಿಷೇಧ ಬಿತ್ತು. ಇನ್ನೆರಡು ದಿನಕ್ಕೆ ನಟ ಅಕ್ಷಯ್ ಕುಮಾರ್ 'ಫೌ-ಜಿ' ಎಂಬ ಆಟ ಬರುತ್ತಿದೆ ಎಂದು ಪ್ರಕಟಿಸಿದರು. ಮಾಡುತ್ತಿದ್ದುದು ಬೆಂಗಳೂರಿನ ಎನ್‌ಕೋರ್ ಗೇಮ್ಸ್. ನಿವ್ವಳ ಆದಾಯದ ಶೇ. 20 ಭಾಗ 'ಭಾರತ್ ಕೆ ವೀರ್' ನಿಧಿಗೆ ಎಂದರು. ಲಕ್ಷಾಂತರ ಜನ ಮುಂಚೆಯೇ ಹೆಸರು ನೋಂದಾಯಿಸಿದರು. 2021ರ ಗಣರಾಜ್ಯೋತ್ಸವದ ದಿನ ಆಟ ಬಂತು.

ಬಂದ ಕೆಲವೇ ದಿನಗಳಲ್ಲಿ ಪ್ಲೇ ಸ್ಟೋರಿನಲ್ಲಿ ಅದರ ಸರಾಸರಿ ಐದರ ಹತ್ತಿರದಿಂದ ಮೂರರ ಆಸುಪಾಸಿಗೆ ಇಳಿಯಿತು. ಒಂದು ಕಡೆ ಐದು ಸ್ಟಾರ್, ಜೈ ಹಿಂದ್. ಇನ್ನೊಂದು ಕಡೆ ಒಂದು ಸ್ಟಾರ್, ಬೈಗುಳ. ಆಟ ಗಾಲ್ವಾನ್ ಕಣಿವೆಯದು. ಬಂದೂಕೇ ಇರಲಿಲ್ಲ. ಮುಷ್ಟಿಯಲ್ಲಿ, ದೊಣ್ಣೆಯಲ್ಲಿ ಹೊಡೆದಾಡುವುದು, ಸುಸ್ತಾದರೆ ಬೆಂಕಿಯ ಮುಂದೆ ಕೂತು ಚೇತರಿಸಿಕೊಳ್ಳುವುದು, ಮತ್ತೆ ಹೊಡೆದಾಟ. ಒಬ್ಬರೇ ಆಡುವ ಆಟ, ಬೇಗ ಮುಗಿಯುತ್ತಿತ್ತು.

ಬಂದೂಕಿಲ್ಲ ಎಂದು ಬೈದವರ ಮಾತು ನನ್ನ ಪ್ರಕಾರ ಸರಿಯಲ್ಲ. 1996ರ ಭಾರತ-ಚೀನಾ ಒಪ್ಪಂದದಂತೆ ವಾಸ್ತವ ನಿಯಂತ್ರಣ ರೇಖೆಯಿಂದ ಎರಡು ಕಿ.ಮೀ. ಒಳಗೆ ಯಾರೂ ಗುಂಡು ಹಾರಿಸುವಂತಿಲ್ಲ. 2020ರ ಜೂನ್ 15ರ ರಾತ್ರಿ ಅಲ್ಲಿ ನಮ್ಮ 20 ಯೋಧರು ಪ್ರಾಣ ಬಿಟ್ಟದ್ದು ಕಲ್ಲು, ದೊಣ್ಣೆಗಳ ಕಾದಾಟದಲ್ಲೇ. ಅಷ್ಟರಮಟ್ಟಿಗೆ ಆಟ ಸತ್ಯವಾಗಿತ್ತು. ಆದರೆ ಒಂದೇ ಥರದ ಹೊಡೆದಾಟ ಬೇಸರ ತರಿಸುತ್ತದೆ, ಜೊತೆಗಾರರೊಂದಿಗೆ ಆಡಲು ಆಗುವುದಿಲ್ಲ ಎಂದವರ ಮಾತು ನೂರಕ್ಕೆ ನೂರು ಸರಿ. ಮಾಡಿದವರೂ ಅದೇ ವರ್ಷ ತಂಡ ಕಟ್ಟಿ ಆಡುವ ಭಾಗವನ್ನು ಬಂದೂಕಿನ ಸಮೇತ ಸೇರಿಸಿದರು. ಅಂದರೆ ಐದು ಸ್ಟಾರಿನ ಜೈಕಾರದಿಂದಲ್ಲ, ದೂರು ಹೇಳಿದವರಿಂದ ಅವರಿಗೆ ಉಪಯೋಗವಾಯಿತು ಎಂದೇ ನನ್ನ ಊಹೆ.

ನಮ್ಮ ಭಾಯಿ ಕೂಡ ಎರಡು ಸ್ಟಾರ್ ಒತ್ತಿ, "ಗ್ರಾಫಿಕ್ಸ್ ಚೆನ್ನಾಗಿದೆ, ಆಟ ಒಂದೇ ಥರ ಇದೆ, ಬೇಗ ಮುಗಿಯಿತು" ಎಂದು ಬರೆದಿದ್ದ. ಈಗ ನೋಡಿದರೆ ಒಳ್ಳೆಯ ವಿಮರ್ಶೆ. ರಾತ್ರಿ ಅಬ್ಬಾ ನೋಡಿದರು. ಖಾತೆ ಅಬ್ಬಾನದು, ವಿಮರ್ಶೆಯ ಮೇಲೆ ಅಬ್ಬಾನ ಪೂರ್ತಿ ಹೆಸರು. "ದೇಶದ ಸೈನಿಕರ ಆಟಕ್ಕೆ ಎರಡು ಸ್ಟಾರ್, ಕೆಳಗೆ ನನ್ನ ಹೆಸರು. ತೆಗಿ ಮಗಾ" ಎಂದರು. ಭಾಯಿ ತೆಗೆಯಲಿಲ್ಲ, ಐದು ಮಾಡಿ "ಜೈ ಹಿಂದ್" ಎಂದು ಬರೆದ. ಯಾರೂ ನಮಗೆ ಏನೂ ಅಂದಿರಲಿಲ್ಲ. ಅನ್ನಬಹುದು ಎಂಬುದಷ್ಟೇ ಸಾಕಾಗಿತ್ತು.

ಇದೇ ಅಬ್ಬಾ ಕಾರ್ಖಾನೆಯಲ್ಲಿ ಬೇರೆ ಮನುಷ್ಯ. ಆಲೆ ಮರದ ತುಂಡನ್ನು ಲೇತಿಗೆ ಹಾಕಿ, ಉಳಿ ಹಿಡಿದು, ಅರಗಿನ ಬಣ್ಣ ಕೊಟ್ಟು ಬುಗುರಿ ತೆಗೆಯುತ್ತಾರೆ. ತೆಗೆದ ಬುಗುರಿ ತಿರುಗಿಸಿ ನೋಡುತ್ತಾರೆ. ಸ್ವಲ್ಪ ಓಲಾಡಿದರೂ ಪಕ್ಕಕ್ಕೆ. ಪಕ್ಕದವರದು ಓಲಾಡಿದರೆ ಅದನ್ನೂ ಮುಖಕ್ಕೇ ಹೇಳುತ್ತಾರೆ, ಅವರೂ ಹೇಳುತ್ತಾರೆ. ಚನ್ನಪಟ್ಟಣದ ಹೆಸರಿದೆ ಎಂದು ಓಲಾಡುವ ಬುಗುರಿ ಯಾರೂ ಕೊಳ್ಳುವುದಿಲ್ಲ. ಮೊನ್ನೆ ಅಬ್ಬಾನನ್ನೇ ಕೇಳಿದೆ, ಆವತ್ತು ಯಾಕೆ ಹಾಗಂದ್ರಿ ಎಂದು. "ಇಲ್ಲಿ ಬುಗುರಿ ನೋಡ್ತಾರಮ್ಮಾ, ಅಲ್ಲಿ ಹೆಸರು ನೋಡ್ತಾರೆ" ಎಂದರು. ಅವರ ವಯಸ್ಸಿನಲ್ಲಿ ಅವರು ಕಂಡದ್ದನ್ನು ನಾನು ಕಂಡಿಲ್ಲ, ಅದಕ್ಕೆ ವಾದ ಮಾಡಲಿಲ್ಲ.

ಆದರೆ ನಮ್ಮ ಲ್ಯಾಬಿನ ನೋಟ್‌ಬುಕ್ಕಿನಲ್ಲಿ ಹೆಸರು ನೋಡುವವರು ಯಾರಿದ್ದರು? ಬರೆದವರು ನಾವೇ, ಓದುವವರು ನಮ್ಮ ಅಣ್ಣ. ಆದರೂ "ನಮ್ಮವರು ಮಾಡಿದ್ದು" ಎಂಬ ಒಂದೇ ಕಾರಣಕ್ಕೆ ಐದು ಸ್ಟಾರ್ ಒತ್ತಿದೆವು. ಅಬ್ಬಾಗೆ ಭಯವಾದರೂ ಇತ್ತು, ನಮಗೆ ಅದೂ ಇರಲಿಲ್ಲ.

ತಲೆಸುತ್ತಿನ ವಿಷಯವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ನಾವು ಮುಂದೆ ಹೋಗುತ್ತಿದ್ದೇವೆ ಎಂದು ಕಾಣುತ್ತದೆ, ಆದರೆ ಸಮತೋಲ ಕಾಯುವ ಒಳಕಿವಿಗೆ ನಾವು ನಿಂತಲ್ಲೇ ಇದ್ದೇವೆ ಎಂದು ಗೊತ್ತು. ಎರಡೂ ತಾಳೆಯಾಗದೆ ವಾಂತಿ ಬಂದಂತಾಗುತ್ತದೆ. ಅಣ್ಣನ ಆಟದಲ್ಲಿ ಬಟನ್ ಒತ್ತಿದರೆ ಬೆಟ್ಟದ ಮೇಲೆ ಜಾರಿಕೊಂಡು ಹೋಗುತ್ತೇವೆ, ತೊಂದರೆ ಅಲ್ಲೇ. ಬೇಕಾದ ಜಾಗಕ್ಕೆ ಕೈ ತೋರಿಸಿದರೆ ಒಮ್ಮೆಲೇ ಅಲ್ಲಿಗೆ ಹೋಗಿ ನಿಲ್ಲುವ ವಿಧಾನವೂ ಇದೆ. 2020ರಲ್ಲಿ ಬಂದ 'ಹಾಫ್-ಲೈಫ್: ಅಲಿಕ್ಸ್' ಎಂಬ ಹೆಸರಾಂತ ವಿಆರ್ ಆಟದಲ್ಲಿ ಯಾವುದು ಬೇಕೋ ಅದನ್ನು ಆಡುವವರೇ ಆರಿಸಿಕೊಳ್ಳಬಹುದು. ಸರಿ ಮಾಡಬಹುದಾದ ದೋಷ ಇದು, ಆದರೆ ಯಾರಾದರೂ ಹೇಳಬೇಕಲ್ಲ.

ಹಿರಿಯ ಉಪನ್ಯಾಸಕರೊಬ್ಬರು, ಗುಂಡು ಹಾರಿಸುವ ಆಟ ಕಾಲೇಜಿನಲ್ಲಿ ಯಾಕೆ ಎಂದು ಸ್ಟಾಫ್ ರೂಮಿನಲ್ಲಿ ಬೇಸರಪಟ್ಟರಂತೆ. ನಾನು ಒಪ್ಪುವುದಿಲ್ಲ. ಆ ಆಟದಲ್ಲಿ ಮನುಷ್ಯರೇ ಇಲ್ಲ, ಹಕ್ಕಿಗೆ ತಗುಲಿದರೂ ಅಂಕ ಹೋಗುತ್ತದೆ. ಆದರೆ ಸರ್ ಅದನ್ನು ನೋಟ್‌ಬುಕ್ಕಿನಲ್ಲೇ ಬರೆದಿದ್ದರೆ ಅಣ್ಣ ಉತ್ತರ ಕೊಡುತ್ತಿದ್ದರು, ನಾವೂ ಓದುತ್ತಿದ್ದೆವು.

ಹೋದ ವಾರ ಕಂಪ್ಯೂಟರ್ ಸೈನ್ಸ್ ಮೇಡಂ ಮೂಲಕ ಕ್ಯಾಂಟೀನಿನ ದೂರುಗಳನ್ನೆಲ್ಲ ಅಣ್ಣನಿಗೆ ಕಳಿಸಿದೆ, ಸ್ಕಾರ್ಫ್ ವಿಷಯವನ್ನೂ ಸೇರಿಸಿ. ಬೈಯಬಹುದು ಅಂದುಕೊಂಡಿದ್ದೆ. "ನಾಲ್ಕು ಪುಟ ಓದಿದರೂ ಮುಂದೆ ಏನು ಮಾಡಬೇಕು ಅಂತ ತಿಳಿದಿರಲಿಲ್ಲ. ಪಟ್ಟಿಯ ವಿಷಯ ನಮ್ಮಿಬ್ಬರಿಗೂ ಹೊಳೆದೇ ಇಲ್ಲ ನೋಡಮ್ಮಾ" ಎಂದು ಉತ್ತರ ಬಂತು. ಮಧ್ಯವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಆಟವನ್ನು ತಿದ್ದಿ ಮತ್ತೆ ತರುತ್ತಾರಂತೆ.

ಅಲ್ಲಿಯವರೆಗೆ ಹೊಸ ನೋಟ್‌ಬುಕ್ ಲೈಬ್ರರಿಯ ಮೇಜಿನ ಮೇಲೆ ಇರುತ್ತದೆ. ಮೇಡಂ ಹೆಸರಿನ ಗೆರೆ ತೆಗೆಸಿದ್ದಾರೆ. ಮೊದಲ ಪುಟದಲ್ಲಿ ನಾನು ಬರೆದಿದ್ದೇನೆ, ಹೆಸರು ಹಾಕಿಯೇ.