ಹೊಸ್ತಿಲಲ್ಲಿರುವ ವಿದ್ಯಾರ್ಥಿನಿ



ಮಕ್ಕಳು, ಮೊಮ್ಮಕ್ಕಳು ಪರದೇಶದಲ್ಲಿ ನೆಲೆಸಿರುವ ಹಿರಿಯರು ಈಗ ನಮ್ಮ ಹಳ್ಳಿಗಳಲ್ಲಿಯೂ ಅನೇಕರಿದ್ದಾರೆ. ಅವರು ಮಠಕ್ಕೆ ಬಂದಾಗ ಮಳೆ ಬೆಳೆಯ ಮಾತು ಮುಗಿದ ಮೇಲೆ ಮೊಮ್ಮಕ್ಕಳ ಓದಿನ ಮಾತು ಬರುತ್ತದೆ. 'ಮೊಮ್ಮಗಳು ಅಮೆರಿಕದಲ್ಲಿ ಪ್ರಿ-ಡೆಂಟಲ್ ಸೇರಿದ್ದಾಳೆ, ಬುದ್ಧಿ' ಎನ್ನುವಾಗ, ಆ ಮಗು ಹಲ್ಲಿನ ಡಾಕ್ಟರಾಗಿಯೇ ಬಿಟ್ಟಿತೆಂಬ ಸಂತೋಷ ಅವರ ಮುಖದಲ್ಲಿ ಕಾಣುತ್ತದೆ. ಒಂದು ಮದುವೆಯ ಲಗ್ನಪತ್ರಿಕೆಯಲ್ಲಿ ಕಾಲೇಜಿನ ಎರಡನೆಯ ವರ್ಷದಲ್ಲಿದ್ದ ಹುಡುಗಿಯ ಹೆಸರಿನ ಹಿಂದೆ 'ಡಾ.' ಎಂದು ಅಚ್ಚು ಹಾಕಿಸಿದ್ದನ್ನೂ ನಾವು ನೋಡಿದ್ದೇವೆ.

ಆ ಮಾತಿನ ಅರ್ಥವನ್ನು ಮೊದಲು ತಿಳಿದುಕೊಳ್ಳಬೇಕು. ನಮ್ಮಲ್ಲಿ ಪಿಯುಸಿ ಮುಗಿಸಿ, ನೀಟ್ ಪರೀಕ್ಷೆ ಬರೆದು, ನೇರವಾಗಿ ಬಿ.ಡಿ.ಎಸ್. ಸೇರುತ್ತಾರೆ. ಅಮೆರಿಕದ ಪದ್ಧತಿ ಬೇರೆ. ಅಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ ಮುಗಿಸಿ, ಆಮೇಲೆ ಮತ್ತೆ ನಾಲ್ಕು ವರ್ಷ ದಂತವೈದ್ಯ ಕಾಲೇಜಿನಲ್ಲಿ ಓದಬೇಕು. ಆ ಮೊದಲ ನಾಲ್ಕು ವರ್ಷದ ಸಿದ್ಧತೆಗೇ ಪ್ರಿ-ಡೆಂಟಲ್ ಎಂಬ ಹೆಸರು. ಅದು ಪದವಿಯಲ್ಲ, ಪಟ್ಟವಲ್ಲ. ಮುಂದೆ ಆ ದಾರಿ ಹಿಡಿಯುವ ಇಚ್ಛೆಯಿದೆ ಎಂದು ವಿದ್ಯಾರ್ಥಿ ಹೇಳಿಕೊಂಡದ್ದು, ಅಷ್ಟೇ. ಇತಿಹಾಸವನ್ನಾಗಲಿ ಸಂಗೀತವನ್ನಾಗಲಿ ಮುಖ್ಯ ವಿಷಯವಾಗಿ ತೆಗೆದುಕೊಂಡವರೂ, ಜೊತೆಗೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರಗಳನ್ನು ಓದಿದ್ದರೆ ಅರ್ಜಿ ಹಾಕಬಹುದು. ಹೀಗೆ ಅರ್ಜಿ ಹಾಕಿದವರಿಗೆಲ್ಲ ಪ್ರವೇಶ ಸಿಕ್ಕುವುದಿಲ್ಲ. ಹಾಕಬೇಕೆಂದು ಹೊರಟವರಲ್ಲಿ ಎಷ್ಟೋ ಮಂದಿ ನಡುವೆಯೇ ಬೇರೆ ದಾರಿ ಹಿಡಿಯುತ್ತಾರೆ.

ಅದಕ್ಕೊಂದು ಪ್ರವೇಶ ಪರೀಕ್ಷೆ ಇದೆ, ಡಿ.ಎ.ಟಿ. ಎಂದು. ಅದರಲ್ಲಿ ಪಾಠದ ಪ್ರಶ್ನೆಗಳಲ್ಲದೆ ಕಣ್ಣಳತೆಯ ಪರೀಕ್ಷೆಯೂ ಸೇರಿದೆ. 60 ನಿಮಿಷದಲ್ಲಿ 90 ಪ್ರಶ್ನೆ. ನಾಲ್ಕು ಕೋನಗಳನ್ನು ತೋರಿಸಿ ಚಿಕ್ಕದು ಯಾವುದು, ದೊಡ್ಡದು ಯಾವುದು ಎಂದು ಕೇಳುತ್ತಾರೆ. ಕಾಗದವನ್ನು ಮಡಿಸಿ ತೂತು ಹಾಕಿ, ಬಿಡಿಸಿದರೆ ತೂತುಗಳು ಎಲ್ಲೆಲ್ಲಿ ಕಾಣುತ್ತವೆ ಎನ್ನುತ್ತಾರೆ. 1970ರ ದಶಕದ ಆರಂಭದವರೆಗೆ ಸೀಮೆಸುಣ್ಣದ ತುಂಡನ್ನು ಅಳತೆಗೆ ಸರಿಯಾಗಿ ಕೆತ್ತಿಸುತ್ತಿದ್ದರಂತೆ. ಇದನ್ನು ಕೇಳಿದಾಗ ನಮ್ಮ ರಥದ ಕೆಲಸ ಮಾಡುವ ಬಡಗಿಗಳ ನೆನಪಾಯಿತು. ಆ ಪ್ರಶ್ನೆಗಳಿಗೆ ಅವರಿಗೆ ಅರ್ಧ ತಾಸು ಸಾಕು. ಡಾಕ್ಟರಿಕೆಯನ್ನು ಬರೀ ದೊಡ್ಡಸ್ತಿಕೆ ಎಂದು ತಿಳಿದವರು ಅದರೊಳಗಿನ ಈ ಕೈಕಸುಬನ್ನು ಗಮನಿಸಬೇಕು. ಕೈಗೆ ಕೆಲಸ ಬಾರದಿದ್ದರೆ ಹಲ್ಲಿನ ವಿದ್ಯೆ ಇಲ್ಲ.

ಪಾವಗಡದ ಕಡೆಯ ನಮ್ಮ ಭಕ್ತರೊಬ್ಬರ ಮೊಮ್ಮಗಳ ವಿಷಯವನ್ನು ಇಲ್ಲಿ ಹೇಳುವುದು ಉಚಿತ. ಆಕೆಯ ತಂದೆ ಓಹಿಯೋ ರಾಜ್ಯದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. ಹುಡುಗಿ ಶಾಲೆಯಲ್ಲಿ ಎಲ್ಲದರಲ್ಲಿಯೂ ಮುಂದು. ಕಾಲೇಜಿಗೆ ಸೇರಿದ ಮೊದಲ ಅವಧಿಯಲ್ಲಿ ರಸಾಯನಶಾಸ್ತ್ರದಲ್ಲಿ ಸಿ ದರ್ಜೆ ಬಂತು. ಅಲ್ಲಿ ಎ ಎಂದರೆ ನಾಲ್ಕು ಅಂಕ, ಸಿ ಎಂದರೆ ಎರಡು. ದಂತವೈದ್ಯಕ್ಕೆ ಹೋಗಬೇಕೆನ್ನುವವರಿಗೆ ಎರಡು ಎಂಬುದು ಭಯಪಡಿಸುವ ಅಂಕ.

ಆಕೆ ಮನೆಯಲ್ಲಿ ಹೇಳಲಿಲ್ಲ. ಹೇಳಲೇಬೇಕೆಂಬ ಕಟ್ಟುಪಾಡೂ ಇಲ್ಲ. ಅಮೆರಿಕದಲ್ಲಿ 1974ರ ಒಂದು ಕಾನೂನಿನಂತೆ ಕಾಲೇಜಿಗೆ ಸೇರಿದ ಮೇಲೆ ಅಂಕಪಟ್ಟಿಯ ಹಕ್ಕು ವಿದ್ಯಾರ್ಥಿಯದು; ಸಾಮಾನ್ಯವಾಗಿ ಆತನ ಒಪ್ಪಿಗೆಯಿಲ್ಲದೆ ಹೆತ್ತವರಿಗೂ ತೋರಿಸುವುದಿಲ್ಲ. ನಮ್ಮ ಹಿರಿಯರಿಗೆ ಇದು ವಿಚಿತ್ರವಾಗಿ ಕಂಡೀತು. ಇತ್ತ ಪ್ರತಿ ಭಾನುವಾರ ತಾತ ಫೋನಿನಲ್ಲಿ 'ಎಷ್ಟು ಮಾರ್ಕ್ಸ್ ಬಂತಮ್ಮ?' ಎಂದು ಕೇಳುವುದು, ಅತ್ತ ಆಕೆ 'ಚೆನ್ನಾಗಿದೆ ತಾತ' ಎನ್ನುವುದು ನಾಲ್ಕು ತಿಂಗಳು ನಡೆಯಿತು. ಕ್ರಮೇಣ ಫೋನು ಎತ್ತುವುದನ್ನೇ ಬಿಟ್ಟಳು. ಇದರಲ್ಲಿ ಸುಳ್ಳು ಹೇಳಿದವಳು ಮೊಮ್ಮಗಳೇ ಇರಬಹುದು. ಆದರೆ ಬೇರೆ ಪ್ರಶ್ನೆಯನ್ನೇ ಕೇಳದೆ ಆ ಸುಳ್ಳಿಗೆ ದಾರಿ ಮಾಡಿಕೊಟ್ಟವರು ಯಾರು? ಇದನ್ನು ನಾವು ಆ ಹಿರಿಯರ ಎದುರಿಗೇ ಹೇಳಿದೆವು. ಅವರು ತಲೆತಗ್ಗಿಸಿ ಸುಮ್ಮನೆ ಕುಳಿತರು.

ಆಕೆಯನ್ನು ಕೈಹಿಡಿದು ಎತ್ತಿದ್ದು ಒಂದು ಸಣ್ಣ ಸಂಗತಿ. ಅಲ್ಲಿಯ ಕಾಲೇಜುಗಳಲ್ಲಿ ಅಧ್ಯಾಪಕರು ವಾರದಲ್ಲಿ ಇಂತಿಷ್ಟು ಹೊತ್ತು ತಮ್ಮ ಕೋಣೆಯ ಬಾಗಿಲು ತೆರೆದು ಕುಳಿತಿರುತ್ತಾರೆ. ಯಾವ ವಿದ್ಯಾರ್ಥಿಯಾದರೂ ಹೋಗಿ ತಿಳಿಯದ್ದನ್ನು ಕೇಳಬಹುದು. ಕೇಳಿದರೆ ದಡ್ಡಿ ಎಂದುಕೊಳ್ಳುತ್ತಾರೆ ಎಂಬ ಅಂಜಿಕೆಯಿಂದ ಮೊದಲ ಅವಧಿಯಲ್ಲಿ ಆಕೆ ಒಂದು ದಿನವೂ ಹೋಗಿರಲಿಲ್ಲ. ಎರಡನೆಯ ಅವಧಿಯಲ್ಲಿ ಹೋದಳು. ಹೋದ ಮೇಲೆ ಅಲ್ಲಿ ತನ್ನಂತೆಯೇ ಹತ್ತು ಮಂದಿ ಗೋಡೆಗೊರಗಿ ಸಾಲಾಗಿ ಕುಳಿತಿದ್ದನ್ನು ಕಂಡಳಂತೆ. ದರ್ಜೆ ಬಿ ಆಯಿತು. ಆ ರಾತ್ರಿಯೇ ತಂದೆಗೆ ಹಳೆಯ ಸಿ ದರ್ಜೆಯ ವಿಷಯವನ್ನೂ ಹೇಳಿದಳು. ನಮಗೆ ಆ ಬಿ ದರ್ಜೆಗಿಂತ ಈ ಹೇಳಿದ್ದು ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ಪದ್ಧತಿ ಬಹಳ ಮೆಚ್ಚತಕ್ಕದ್ದು. ಅರ್ಜಿ ಹಾಕುವ ಮೊದಲು ವಿದ್ಯಾರ್ಥಿ ದಂತವೈದ್ಯರ ನೆರಳಿನಂತೆ ಅವರ ಹಿಂದೆ ನಿಂತು ಕೆಲಸವನ್ನು ನೋಡಿರಬೇಕು. ಅನೇಕ ಕಾಲೇಜುಗಳು ನೂರು ಗಂಟೆಯಾದರೂ ನೋಡಿರಲಿ ಎಂದು ಬಯಸುತ್ತವೆ. ರೋಗಿಯನ್ನು ಮುಟ್ಟುವಂತಿಲ್ಲ, ನಡುವೆ ಬಾಯಿ ಹಾಕುವಂತಿಲ್ಲ. ಈ ಹುಡುಗಿ ಹೋದದ್ದು ಬಡವರಿಗಾಗಿ ನಡೆಯುವ ಒಂದು ಚಿಕಿತ್ಸಾಲಯಕ್ಕೆ. ಅಮೆರಿಕವೆಂದರೆ ಸಿರಿವಂತರ ನಾಡು ಎಂದು ನಾವು ತಿಳಿದಿದ್ದೇವೆ. ಆದರೆ ಅಲ್ಲಿ ವೃದ್ಧರಿಗಾಗಿ ಇರುವ ಮೆಡಿಕೇರ್ ಎಂಬ ಸರ್ಕಾರಿ ವಿಮೆಯಲ್ಲಿ ಹಲ್ಲು ತುಂಬಿಸುವುದು, ಕಟ್ಟಿಸುವುದು ಮುಂತಾದ ಸಾಮಾನ್ಯ ಚಿಕಿತ್ಸೆ ಸೇರಿಲ್ಲ. ಹಣವಿಲ್ಲದವರು ನೋವು ನುಂಗಿಕೊಂಡು ವರ್ಷಗಟ್ಟಲೆ ಇರುತ್ತಾರೆ. ಕೊನೆಗೆ ಕೀಳಿಸಿಕೊಳ್ಳಲು ಬರುತ್ತಾರೆ.

ಕಳೆದ ಡಿಸೆಂಬರ್ ರಜೆಯಲ್ಲಿ ಆಕೆ ತಾತನ ಜೊತೆ ಮಠಕ್ಕೆ ಬಂದಿದ್ದಳು. ಚಿಕಿತ್ಸಾಲಯದಲ್ಲಿ ಏನೇನು ಕಂಡೆಯಮ್ಮ ಎಂದು ಕೇಳಿದೆವು. ಬಾಯಿ ತೆರೆಯಲು ನಾಚುವವರನ್ನು ಕಂಡೆ ಎಂದಳು. ಅವರಲ್ಲಿ ಒಬ್ಬರ ಕಥೆ ಹೇಳು ಎಂದು ತಾತ ಒತ್ತಾಯಿಸಿದಾಗ, 'ಅವರ ವಿಷಯ ಹೊರಗೆ ಹೇಳುವ ಹಾಗಿಲ್ಲ ತಾತ' ಎಂದು ಮೆಲ್ಲಗೆ, ಆದರೆ ಗಟ್ಟಿಯಾಗಿ ಹೇಳಿದಳು. ರೋಗಿಯ ಗುಟ್ಟನ್ನು ಕಾಯಬೇಕೆಂದು ಅಲ್ಲಿ 1996ರ ಕಾನೂನು ಇದೆ. ಹತ್ತೊಂಬತ್ತು ವರ್ಷದ ಮಗು ಆ ಕಾನೂನನ್ನು ಇಷ್ಟು ದೂರ, ಕೇಳುವವರಾರೂ ಇಲ್ಲದ ಮಠದ ಪಡಸಾಲೆಯಲ್ಲಿಯೂ ಪಾಲಿಸಿತು. ಕಾಯಕ ಕೈಗೆ ಬರುವ ಮುನ್ನವೇ ಅದರ ಶೀಲ ಬಂದಿದೆ ಎಂದು ನಾವು ಸಂತೋಷಪಟ್ಟೆವು.

ಬಾಯಿ ತೆರೆಯಲು ನಾಚುವವರು ಎಂದಳಷ್ಟೆ. ಅಂಥವರು ಆಕೆಯ ಮನೆಯಲ್ಲಿಯೇ ಒಬ್ಬರಿದ್ದರು. ಆಕೆಯ ತಂದೆಯ ಹಲ್ಲುಗಳು ಕಂದು ಬಣ್ಣದವು. ಯಾವ ಫೋಟೋದಲ್ಲಿಯೂ ಅವರು ತುಟಿ ತೆರೆದು ನಕ್ಕಿಲ್ಲ. ಅಪ್ಪ ಚಿಕ್ಕಂದಿನಲ್ಲಿ ಹಲ್ಲುಜ್ಜುತ್ತಿರಲಿಲ್ಲವೇನೋ ಎಂದು ಮಗಳು ತಿಳಿದಿದ್ದಳು. ಗೆಳತಿಯರ ಮುಂದೆ ನಾಚಿಕೊಂಡದ್ದೂ ಉಂಟಂತೆ. ರಸಾಯನಶಾಸ್ತ್ರದ ಎರಡನೆಯ ಅವಧಿಯಲ್ಲಿ ಫ್ಲೋರೈಡಿನ ಪಾಠ ಬಂದಾಗ ಆಕೆಗೆ ಕಣ್ಣು ತೆರೆಯಿತು.

ಆ ಪಾಠದ ಹಿಂದೊಂದು ಕಥೆಯಿದೆ. 1901ರಲ್ಲಿ ಮೆಕೇ ಎಂಬ ತರುಣ ದಂತವೈದ್ಯ ಕೊಲರಾಡೋ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದು, ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳಲ್ಲಿ ಕಂದು ಕಲೆ ಕಂಡರು. ಕಾರಣ ಹುಡುಕುತ್ತ ಮೂವತ್ತು ವರ್ಷ ಕಳೆದರು. 1931ರಲ್ಲಿ ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞರು ಇಂಥ ಊರುಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವುದನ್ನು ತೋರಿಸಿಕೊಟ್ಟರು. ಅದೇ ಫ್ಲೋರೈಡ್ ಸ್ವಲ್ಪ ಪ್ರಮಾಣದಲ್ಲಿದ್ದರೆ ಹಲ್ಲು ಹುಳುಕಾಗುವುದು ಕಡಿಮೆ ಎಂಬುದೂ ತಿಳಿದು, 1945ರಲ್ಲಿ ಮಿಶಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದ ಕುಡಿಯುವ ನೀರಿಗೆ ಅದನ್ನು ಅಳತೆ ಮಾಡಿ ಬೆರೆಸತೊಡಗಿದರು. ಹೆಚ್ಚಾದರೆ ಕೇಡು, ಹಿತಮಿತವಾದರೆ ರಕ್ಷೆ.

ಪಾವಗಡದಲ್ಲಿ ಬೆರೆಸುವುದಿರಲಿ, ಬೇಡವೆಂದರೂ ಬಂಡೆಯೇ ಬೆರೆಸಿಕೊಡುತ್ತದೆ. ಒಂದು ಲೀಟರ್ ನೀರಿನಲ್ಲಿ ಒಂದು ಮಿಲಿಗ್ರಾಂ ಇರಬಹುದು, ಬೇರೆ ನೀರು ಸಿಕ್ಕದಿದ್ದರೆ ಒಂದೂವರೆ ದಾಟಬಾರದು ಎಂಬುದು ನಮ್ಮ ದೇಶದ ನಿಯಮ. ಆ ಸೀಮೆಯ ಎಷ್ಟೋ ಕೊಳವೆಬಾವಿಗಳಲ್ಲಿ ಇದಕ್ಕಿಂತ ಹೆಚ್ಚು. ಆಕೆಯ ತಂದೆ ಬಾಲ್ಯದಲ್ಲಿ ಕುಡಿದದ್ದು ಊರ ಬೋರಿನ ನೀರು. ಹುಡುಗಿ ಅಂದು ತಂದೆಗೆ ಫೋನು ಮಾಡಿ, 'ಅಪ್ಪಾ, ಅದು ನಿಮ್ಮ ತಪ್ಪಲ್ಲ, ನೀರಿನದು' ಎಂದಳಂತೆ. ಐವತ್ತರ ಹತ್ತಿರದ ಆ ಮನುಷ್ಯ ಫೋನಿನಲ್ಲಿ ಎಷ್ಟೋ ಹೊತ್ತು ಮಾತಾಡಲಿಲ್ಲವಂತೆ.

ಈಗ ಆಕೆಯ ಮನಸ್ಸು ಎರಡು ಕಡೆ ಇದೆ. ಹಲ್ಲಿನ ಡಾಕ್ಟರಾಗಬಹುದು, ಇಲ್ಲವಾದರೆ ನೀರಿನ ವಿಷಯವನ್ನೇ ಓದಿ ಸಾರ್ವಜನಿಕ ಆರೋಗ್ಯದ ಕೆಲಸ ಹಿಡಿಯಬಹುದು ಎನ್ನುತ್ತಾಳೆ. ತಾತನ ಚಿಂತೆ ಇದೇ. ಊರಿಗೆಲ್ಲ ಹೇಳಿಕೊಂಡು ಬಿಟ್ಟಿದ್ದಾರೆ. 'ಬುದ್ಧಿ, ನೀವೊಂದು ಮಾತು ಹೇಳಿ, ಡಾಕ್ಟರೇ ಆಗಲಿ' ಎಂದು ಕೇಳಿಕೊಂಡರು. ನಾವು ಆ ಮಾತು ಹೇಳಲಿಲ್ಲ. ಆ ನಾಲ್ಕು ವರ್ಷ ಇರುವುದೇ ಇದು ನನ್ನದೋ ಅಲ್ಲವೋ ಎಂದು ಒರೆಗೆ ಹಚ್ಚಿ ನೋಡುವುದಕ್ಕೆ. ಅಲ್ಲಿ ದಂತವೈದ್ಯ ಕಾಲೇಜು ಮುಗಿಸುವ ಹೊತ್ತಿಗೆ ಸಾಲ ಮಾಡಿ ಓದಿದವರ ತಲೆಯ ಮೇಲೆ ಸುಮಾರು ಮೂರು ಲಕ್ಷ ಡಾಲರಿನ ಹೊರೆ ಇರುತ್ತದೆ. ತಾತನ ಮರ್ಯಾದೆಗಾಗಿ ಇಷ್ಟು ಸಾಲ ಹೊತ್ತು, ಒಲ್ಲದ ಮನಸ್ಸಿನಿಂದ ಪರರ ಬಾಯಿಗೆ ಕೈ ಹಾಕುವ ವೈದ್ಯರು ಯಾರಿಗೂ ಬೇಡ. ಊರಿನವರು ಕೇಳಿದರೆ ಓದುತ್ತಿದ್ದಾಳೆ ಎನ್ನಿರಿ, ಭಾನುವಾರದ ಫೋನಿನಲ್ಲಿ ಮಾರ್ಕ್ಸಿನ ಬದಲು ಈ ವಾರ ಏನು ಕಲಿತೆ ಎಂದು ಕೇಳಿರಿ ಎಂದೆವು.

ಮುಂದಿನ ಭಾನುವಾರ ತಾತ ಹಾಗೆಯೇ ಕೇಳಿದರಂತೆ. ಆಕೆ ತಿರುಗಿ ಇವರನ್ನೇ ಕೇಳಿದಳು: ಮನೆಯಲ್ಲಿರುವ ಮೂರು ವರ್ಷದ ಮಗು, ಆಕೆಯ ಚಿಕ್ಕಪ್ಪನ ಮಗ, ಯಾವ ನೀರು ಕುಡಿಯುತ್ತಿದೆ? ಬೋರಿನ ನೀರೇ, ಆದರೆ ಚೆನ್ನಾಗಿ ಕುದಿಸಿ ಕೊಡುತ್ತೇವೆ ಎಂದರು ತಾತ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ; ಮುಂದೆ ಬರುವ ಶಾಶ್ವತ ಹಲ್ಲುಗಳು ಈ ವಯಸ್ಸಿನಲ್ಲಿ ಒಸಡಿನೊಳಗೆ ತಯಾರಾಗುತ್ತಿರುತ್ತವೆ ಎಂದು ಆಕೆ ವಿವರಿಸಿದಳು. ಅಂದಿನಿಂದ ಆ ಮನೆಯಲ್ಲಿ ಕುಡಿಯಲಿಕ್ಕೂ ಅಡುಗೆಗೂ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನು ಬರುತ್ತಿದೆ. ತಾತನೇ ಹೋಗಿ ತರುತ್ತಾರೆ. ಮಗುವಿಗೆ ಮುಂದಿನ ಹಲ್ಲು ಬರಲು ಇನ್ನು ಮೂರು ವರ್ಷವಿದೆ.